ಏಳದ ಕಾಲೆಲ್ಲ ಲಕ್ವವಲ್ಲ
(ಬಸವನಬಾಗೇವಾಡಿಯಲ್ಲಿ ಆಶಾ ಕಾರ್ಯಕರ್ತೆಯರಿಗೆ ಮತ್ತು ಗ್ರಾಮಸ್ಥರಿಗೆ ನೀಡಿದ ಉಪನ್ಯಾಸ)

ಹಿರಿಯರೇ, ತಾಯಂದಿರೇ, ಆಶಾ ಕಾರ್ಯಕರ್ತೆಯರೇ,

ನಮ್ಮ ಭಾಗದಲ್ಲಿ ಯಾರಿಗಾದರೂ ಕೈಕಾಲು ಸೋತರೆ ಎರಡು ಮಾತು ಕೇಳಿಬರುತ್ತವೆ. ಒಂದು, 'ಲಕ್ವ ಹೊಡೆದಿದೆ.' ಇನ್ನೊಂದು, 'ಡಾಕ್ಟರ್ ಸಾಹೇಬರೇ, ಒಂದು ಸಲೈನ್ ಹಚ್ಚಿರಿ.' ಈ ಎರಡು ಮಾತುಗಳ ನಡುವೆ ಕಣ್ತಪ್ಪಿ ಹೋಗುವ ತೊಂದರೆಯೊಂದಿದೆ. ಅದು ರಕ್ತದಲ್ಲಿ ಪೊಟ್ಯಾಶಿಯಂ ಎಂಬ ಲವಣಾಂಶ ಇಳಿಯುವುದು.

ದೇಹದ ಪೊಟ್ಯಾಶಿಯಂನಲ್ಲಿ ಶೇಕಡಾ 98ರಷ್ಟು ಜೀವಕೋಶಗಳ ಒಳಗಿರುತ್ತದೆ, ಹೆಚ್ಚಿನದು ಸ್ನಾಯುಗಳಲ್ಲಿ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ (ಲವಣಾಂಶವನ್ನು ಅಳೆಯುವ ಮಾನ) ಇದ್ದರೆ ಸರಿ. ಒಳಗೆ ಹೆಚ್ಚು, ಹೊರಗೆ ಕಡಿಮೆ ಎಂಬ ಈ ಅಂತರದಿಂದಲೇ ಸ್ನಾಯು ಬಿಗಿಯುತ್ತದೆ, ಹೃದಯ ಲಯ ತಪ್ಪದೆ ಬಡಿಯುತ್ತದೆ. ಪ್ರಮಾಣ 2.5ಕ್ಕಿಂತ ಕೆಳಗಿಳಿದರೆ ಜೀವಕ್ಕೇ ಅಪಾಯ.

ಅದು ಇಳಿಯುವುದು ಹೇಗೆ? ವಾಂತಿಭೇದಿ ಮೊದಲ ಕಾರಣ. ಭೇದಿಯಲ್ಲಿ ಪೊಟ್ಯಾಶಿಯಂ ನೇರವಾಗಿ ಹೋಗುತ್ತದೆ. ವಾಂತಿಯಲ್ಲಿ ಹೋಗುವುದು ಕಡಿಮೆ, ಆದರೆ ಹೊಟ್ಟೆಯ ಆಮ್ಲ ಕಳೆದುಹೋದಾಗ ಮೂತ್ರಪಿಂಡವೇ ಅದನ್ನು ಹೊರಹಾಕುತ್ತದೆ. ರಕ್ತದೊತ್ತಡಕ್ಕೆ, ಕಾಲುಬಾವಿಗೆ ಕೊಡುವ ಮೂತ್ರ ಹೆಚ್ಚಿಸುವ ಗುಳಿಗೆಗಳು ಎರಡನೆಯ ಕಾರಣ. ದಮ್ಮಿಗೆ ಬಳಸುವ ಸಾಲ್ಬ್ಯುಟಮಾಲ್, ಇನ್ಸುಲಿನ್, ಸ್ಟಿರಾಯ್ಡ್ ಔಷಧಿಗಳೂ ಅದನ್ನು ಇಳಿಸಬಲ್ಲವು. ಕೆಮ್ಮಿಗೆಂದು ಜ್ಯೇಷ್ಠಮಧುವನ್ನು ವಾರಗಟ್ಟಲೆ ಹೆಚ್ಚಾಗಿ ಸೇವಿಸಿದರೂ ಹೀಗಾಗುವುದುಂಟು. ರಕ್ತದೊತ್ತಡ ಹತೋಟಿಗೆ ಬಾರದೆ ಪೊಟ್ಯಾಶಿಯಂ ಕೂಡ ಪದೇ ಪದೇ ಇಳಿಯುತ್ತಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಯನ್ನು ಪರೀಕ್ಷಿಸಲೇಬೇಕು. ಆ ಗ್ರಂಥಿಯಿಂದ ಹಾರ್ಮೋನು ಅತಿಯಾಗಿ ಸುರಿಯುವ ಕಾಯಿಲೆ ಇರಬಹುದು, 1955ರಲ್ಲಿ ಜೆರೋಮ್ ಕಾನ್ ಎಂಬ ಅಮೆರಿಕದ ವೈದ್ಯರು ವಿವರಿಸಿದ್ದು ಅದನ್ನೇ. ಪತ್ತೆಯಾದರೆ ಚಿಕಿತ್ಸೆ ಇದೆ.

ಆದರೆ ನಾನು ಹೆಚ್ಚು ಹೇಳಬೇಕಾಗಿರುವುದು ಇನ್ನೊಂದು ಬಗೆಯ ಬಗ್ಗೆ. ಇಪ್ಪತ್ತೈದು ಮೂವತ್ತರ ಹುಡುಗ. ಹಗಲೆಲ್ಲ ಕಬ್ಬು ಕಡಿದಿದ್ದಾನೆ, ರಾತ್ರಿ ಮದುವೆಮನೆಯಲ್ಲಿ ಹೋಳಿಗೆ, ಅನ್ನ ಹೊಟ್ಟೆತುಂಬ ಉಂಡು ಮಲಗಿದ್ದಾನೆ. ನಸುಕಿನಲ್ಲಿ ಎದ್ದು ನಿಲ್ಲಲು ಎರಡೂ ಕಾಲು ಬಾರವು. ಮಾತು ಸ್ಪಷ್ಟ, ಬಾಯಿ ಸೊಟ್ಟಗಾಗಿಲ್ಲ, ಮುಟ್ಟಿದರೆ ಗೊತ್ತಾಗುತ್ತದೆ. ಲಕ್ವ ಸಾಮಾನ್ಯವಾಗಿ ದೇಹದ ಒಂದೇ ಬದಿಗೆ ಬರುತ್ತದೆ. ಇದು ಎರಡೂ ತೊಡೆಗಳಿಂದ ಶುರುವಾಗುತ್ತದೆ. ಸಿಹಿ ಮತ್ತು ಅನ್ನದ ಊಟಕ್ಕೆ ಇನ್ಸುಲಿನ್ ಹೆಚ್ಚಿ, ರಕ್ತದ ಪೊಟ್ಯಾಶಿಯಂ ಸ್ನಾಯುಗಳ ಒಳಗೆ ಸರಿದಿರುತ್ತದೆ. ಕೆಲವರಿಗೆ ಇದು ವಂಶದಿಂದ ಬರುತ್ತದೆ, ಕೆಲವರಲ್ಲಿ ಥೈರಾಯ್ಡ್ ಹೆಚ್ಚಾದುದು ಕಾರಣ. ಈ ಎರಡನೆಯ ಬಗೆ ಏಷ್ಯಾದ ಗಂಡಸರಲ್ಲೇ ಹೆಚ್ಚು. ಇಂಥ ಹುಡುಗನನ್ನು ಗಾಳಿ ಸೋಕಿದೆಯೆಂದು ದೇವರ ಕಟ್ಟೆಗೆ ಹೊತ್ತೊಯ್ಯುವುದು ನನಗೆ ಸಹಿಸಲಾಗದ ಸಂಗತಿ. ಒಂದು ರಕ್ತಪರೀಕ್ಷೆ, ಹೃದಯದ ಬಡಿತವನ್ನು ಗೆರೆಗಳಲ್ಲಿ ತೋರಿಸುವ ಒಂದು ಇಸಿಜಿ ಆದರೆ ದಾರಿ ತಿಳಿಯುತ್ತದೆ. ಆಮೇಲೆ ಥೈರಾಯ್ಡ್ ಪರೀಕ್ಷೆಯನ್ನು ಮರೆಯಬಾರದು.

ಅಲ್ಲಿ ಬರಿಯ ಗ್ಲೂಕೋಸ್ ಬಾಟಲಿ ಹಚ್ಚಿದರೆ ಇನ್ಸುಲಿನ್ ಇನ್ನಷ್ಟು ಹೆಚ್ಚಿ ಪೊಟ್ಯಾಶಿಯಂ ಮತ್ತೂ ಇಳಿಯುತ್ತದೆ. ಶಕ್ತಿ ಬರಲೆಂದು ಕೇಳಿ ಹಚ್ಚಿಸಿಕೊಂಡದ್ದೇ ತಿರುಗಿಬೀಳುತ್ತದೆ. ದಯವಿಟ್ಟು ಬಾಟಲಿಗಾಗಿ ವೈದ್ಯರ ಮೇಲೆ ಒತ್ತಡ ಹಾಕಬೇಡಿ.

ಕೊರತೆ ಸ್ವಲ್ಪವೇ ಇದ್ದರೆ ಸುಸ್ತು, ಮೀನಖಂಡದ ಸೆಳೆತ, ಮಲಬದ್ಧತೆ ಕಾಣಿಸಬಹುದು, ಏನೂ ಕಾಣಿಸದೆಯೂ ಇರಬಹುದು. ಹೆಚ್ಚಾದರೆ ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬುತ್ತದೆ, ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಇಸಿಜಿಯ ಗೆರೆಯಲ್ಲಿ ಪ್ರತಿ ಬಡಿತದ ಕೊನೆಗೆ ಕಾಣುವ ಟಿ ಎಂಬ ಅಲೆ ಚಪ್ಪಟೆಯಾಗಿ ಅದರ ಬೆನ್ನಿಗೆ ಯು ಎಂಬ ಇನ್ನೊಂದು ಅಲೆ ಏಳುತ್ತದೆ. ಹೃದಯದ ಬಡಿತ ದಿಕ್ಕು ತಪ್ಪಬಹುದು. ಹೃದಯದ ತೊಂದರೆಗೆ ಕೊಡುವ ಡಿಗಾಕ್ಸಿನ್ ಗುಳಿಗೆ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಬಾಳೆಹಣ್ಣು ತಿಂದರೆ ಸಾಲದೇ ಎಂದು ಕೇಳುತ್ತೀರಿ. ಒಂದು ಹಣ್ಣಿನಲ್ಲಿ ಸುಮಾರು 10 ಮಿಲಿಮೋಲ್ ಇರುತ್ತದೆ. ಭೇದಿಯಲ್ಲಿ ಕಳೆದುಕೊಂಡು ರಕ್ತದ ಪ್ರಮಾಣ 4ರಿಂದ 3ಕ್ಕೆ ಇಳಿದವರ ದೇಹದಲ್ಲಿ 200ರಿಂದ 400 ಮಿಲಿಮೋಲ್ ಕೊರತೆಯಾಗಿರುತ್ತದೆ. ಅದನ್ನು ತುಂಬಲು ಔಷಧಿಯೇ ಬೇಕು. ಆದಷ್ಟು ಬಾಯಿಂದಲೇ, ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣವಾಗಿ. ರಕ್ತನಾಳದ ಮೂಲಕವಾದರೆ ಸಾಮಾನ್ಯವಾಗಿ ಗಂಟೆಗೆ 10 ಮಿಲಿಮೋಲ್‌ನಷ್ಟೇ. ಸಿರಿಂಜಿನಲ್ಲಿ ನೇರವಾಗಿ ಚುಚ್ಚಿದರೆ ಹೃದಯ ನಿಂತುಹೋಗುತ್ತದೆ. ಮೆಗ್ನೀಸಿಯಂ ಕೂಡ ಕಡಿಮೆಯಿದ್ದರೆ ಅದನ್ನು ಸರಿಪಡಿಸದ ಹೊರತು ಪೊಟ್ಯಾಶಿಯಂ ನಿಲ್ಲುವುದಿಲ್ಲ.

ಆಶಾ ಕಾರ್ಯಕರ್ತೆಯರು ಒಂದನ್ನು ಗಮನಿಸಿ. ಮನೆಯಲ್ಲಿ ಕಲಸುವ ಉಪ್ಪು ಸಕ್ಕರೆ ನೀರಿನಲ್ಲಿ ಪೊಟ್ಯಾಶಿಯಂ ಇರುವುದಿಲ್ಲ. ನಿಮ್ಮ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕಲಸಿದರೆ 20 ಮಿಲಿಮೋಲ್ ಸಿಗುತ್ತದೆ. ಬೇಸಿಗೆಯ ಭೇದಿಯಲ್ಲಿ ಮೊದಲು ಅದನ್ನೇ ಕೊಡಿ.

ಊಟದ ಮಾತಿಗೆ ಬಂದರೆ ನಮ್ಮ ಒಣದ್ರಾಕ್ಷಿ, ಕಾಳುಪಲ್ಯೆ, ಎಳನೀರು ಎಲ್ಲದರಲ್ಲೂ ಪೊಟ್ಯಾಶಿಯಂ ಧಾರಾಳವಾಗಿದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಇದೇ ವಿಷವಾಗಬಹುದು, ಏಕೆಂದರೆ ಅವರ ದೇಹ ಹೆಚ್ಚಾದುದನ್ನು ಹೊರಹಾಕಲಾರದು. ಅವರು ಎಳನೀರನ್ನಾಗಲಿ, ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪನ್ನಾಗಲಿ ವೈದ್ಯರನ್ನು ಕೇಳದೆ ಬಳಸಬಾರದು.