ಸಮನ್ಸ್ ಕೈಗೆ ಬಂದ ದಿನದಿಂದ ಎಣಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ, ಒಂದು ಆಗಸ್ಟ್ 21ರ ಬೆಳಗ್ಗೆ, ತಾಲ್ಲೂಕು ಕೋರ್ಟಿನ ಎದುರಿಗಿರುವ ನನ್ನ ಆಫೀಸಿಗೆ ಒಬ್ಬ ತಾಯಿ ಬಂದರು. ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದರು. ಮಡಿಕೆಯ ಜಾಗ ಹರಿಯುವ ಹಾಗಾಗಿತ್ತು. ಮೂಲೆಯಲ್ಲಿ ಅರಿಸಿನದ ಕಲೆ. ಜಮೀನಿನ ವಿಚಾರಕ್ಕೆ ಮೈದುನ ದಾವೆ ಹಾಕಿದ್ದ, ಅದರ ಸಮನ್ಸ್ ಅದು.

"ಇದು ಯಾವಾಗ ಬಂತಮ್ಮ?" ಅಂದೆ.

"ಕಾರಹುಣ್ಣಿಮೆ ದಿವಸ ಸ್ವಾಮಿ."

ಕೋರ್ಟಿನ ಕಡತ ನೋಡಿದೆ. ಜೂನ್ 9ಕ್ಕೆ ಜಾರಿಯಾಗಿತ್ತು, ಅಂದರೆ ಅವರ ಕೈಗೆ ತಲುಪಿತ್ತು. ಬೆರಳು ಮಡಚಿ ಎಣಿಸಿದೆ, 73 ದಿನ. ನನ್ನ ಎದೆ ಧಸಕ್ಕೆಂದಿತು.

ಯಾಕೆ ಅಂತ ಹೇಳುತ್ತೇನೆ. ಸಿವಿಲ್ ದಾವೆಯಲ್ಲಿ ಪ್ರತಿವಾದಿ ಕೊಡುವ ಉತ್ತರಕ್ಕೆ ಲಿಖಿತ ಹೇಳಿಕೆ ಅಂತಾರೆ. ಸಮನ್ಸ್ ಜಾರಿಯಾದ ದಿನದಿಂದ 30 ದಿನದೊಳಗೆ ಅದನ್ನು ಹಾಕಬೇಕು. ತಡವಾದರೆ ಕೋರ್ಟು ಕಾರಣ ಬರೆದಿಟ್ಟು 90ನೇ ದಿನದವರೆಗೆ ಬಿಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದಲ್ಲಿ ಇದಿದೆ. 2002ರ ಜುಲೈನಿಂದ ಜಾರಿಯಲ್ಲಿದೆ.

ಆ ತಾಯಿ ಎಡವಿದ್ದು ಎಲ್ಲಿ ಗೊತ್ತಾ? ಸಮನ್ಸಿನಲ್ಲಿ ಜುಲೈ 24 ಅಂತ ಒಂದು ತಾರೀಕು ಇತ್ತು. ಅದೇ ಕೊನೇ ದಿನ ಅಂದುಕೊಂಡಿದ್ದರು. ಅದು ಹಾಜರಾಗುವ ತಾರೀಕು ಮಾತ್ರ. ಉತ್ತರದ ಲೆಕ್ಕ ಕಾಗದ ಕೈಗೆ ಬಂದ ದಿನವೇ ಶುರುವಾಗಿತ್ತು. ಪಾಪ, ಜುಲೈ 24ಕ್ಕೆ ಕೋರ್ಟಿಗೂ ಬಂದಿದ್ದರಂತೆ. ವರಾಂಡದಲ್ಲಿ ನಿಂತಿದ್ದರು. ಹೆಸರು ಕೂಗಿದ್ದು ಕೇಳಿಸಿತು. ಯಾರ ಹತ್ತಿರ ಹೋಗಬೇಕು ಅಂತ ತಿಳಿಯದೆ ವಾಪಸ್ ಹೋದರು. ಒಳಗೆ ಅವರನ್ನು ಎಕ್ಸ್‌ಪಾರ್ಟಿ ಅಂತ ಬರೆದುಕೊಂಡಾಗಿತ್ತು. ಹತ್ತು ಹೆಜ್ಜೆ ದೂರದಲ್ಲಿ ಇದ್ದವರು ಕೋರ್ಟಿನ ಲೆಕ್ಕದಲ್ಲಿ ಗೈರುಹಾಜರು!

ಕೆಲವರು ಸಮನ್ಸ್ ತಗೊಳ್ಳಲ್ಲ ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೋಸ್ಟ್‌ಮ್ಯಾನ್ "ತೆಗೆದುಕೊಳ್ಳಲು ಒಪ್ಪಲಿಲ್ಲ" ಅಂತ ಬರೆದು ವಾಪಸ್ ಕಳಿಸಿದರೆ, ಕೋರ್ಟು ಅದನ್ನೇ ಜಾರಿ ಅಂತ ಘೋಷಿಸಬಹುದು. ದಿನಗಳು ಓಡುತ್ತಲೇ ಇರುತ್ತವೆ, ಕೇಸಿನಲ್ಲಿ ಏನಿದೆ ಅಂತ ಮಾತ್ರ ನಿಮಗೆ ಗೊತ್ತಾಗುವುದಿಲ್ಲ.

ಹಾಗಾದರೆ 90 ದಿನವೂ ದಾಟಿದರೆ? ಸಾಮಾನ್ಯ ದಾವೆಯಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ. 2005ರಲ್ಲಿ ಕೈಲಾಶ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ನಿಯಮ ಇರುವುದು ಕೇಸು ಬೇಗ ಸಾಗಲಿ ಅಂತ, ನ್ಯಾಯದ ಕೈ ಕಟ್ಟಲಿಕ್ಕಲ್ಲ ಎಂಬ ಅರ್ಥದಲ್ಲಿ ತೀರ್ಪು ಕೊಟ್ಟಿತು. ತೀರಾ ಅಪರೂಪದ ಕಾರಣವಿದ್ದರೆ ಆಮೇಲೂ ಅವಕಾಶ ಕೊಡಬಹುದು. ಆದರೆ ವಾಣಿಜ್ಯ ನ್ಯಾಯಾಲಯದ ದಾವೆಯಲ್ಲಿ ಇದು ನಡೆಯಲ್ಲ. ಅಲ್ಲಿ 120 ದಿನ ಮುಗಿದರೆ ಉತ್ತರ ಕೊಡುವ ಹಕ್ಕೇ ಹೋಯಿತು. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿದೆ. ವ್ಯಾಪಾರ ಮಾಡುವವರು ಈ 120 ಅನ್ನೋ ಸಂಖ್ಯೆಯನ್ನು ಅಂಗಡಿ ಗೋಡೆ ಮೇಲೆ ಬರೆದಿಟ್ಟುಕೊಂಡರೂ ಒಳ್ಳೆಯದೇ.

ಅಪೀಲಿಗೆ ಬೇರೆ ಲೆಕ್ಕ. ಡಿಕ್ರಿ, ಅಂದರೆ ದಾವೆಯಲ್ಲಿ ಕೋರ್ಟು ಕೊಟ್ಟ ತೀರ್ಮಾನ, ಅದರ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ತೀರ್ಪಿನ ನಕಲಿಗೆ ಅರ್ಜಿ ಹಾಕಿ ಅದು ತಯಾರಾಗುವ ತನಕ ಹಿಡಿದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ಆದ್ದರಿಂದ ತೀರ್ಪು ಬಂದ ದಿನವೇ ನಕಲು ಅರ್ಜಿ ಹಾಕಿಸಿ. ಕೊನೇ ದಿನ ಕೋರ್ಟಿಗೆ ರಜೆ ಇದ್ದರೆ, ಬಾಗಿಲು ತೆರೆದ ದಿನ ಹಾಕಬಹುದು. ಅದಕ್ಕೂ ತಡವಾದರೆ 1963ರ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಿಸಿ ಅಂತ ಕೇಳಬೇಕು.

ಆದರೆ ಗಮನಿಸಿ, ಹೊಸ ದಾವೆ ಹಾಕುವುದಕ್ಕೆ ಈ 5ನೇ ಕಲಂ ಇಲ್ಲ. ಕೈಸಾಲ ಕೊಟ್ಟು ಮೂರು ವರ್ಷ ಸುಮ್ನೆ ಕೂತು ಆಮೇಲೆ ಬಂದರೆ, ತಡ ಆಯ್ತು ಮನ್ನಿಸಿ ಅನ್ನುವ ಅರ್ಜಿಗೆ ಜಾಗವೇ ಇಲ್ಲ. ಅಷ್ಟರೊಳಗೆ ಸಾಲಗಾರ ಸಾಲ ಒಪ್ಪಿ ಬರೆದು ಸಹಿ ಮಾಡಿದ್ದರೆ ಆ ದಿನದಿಂದ ಹೊಸ ಲೆಕ್ಕ.

ವಿಳಂಬ ಮನ್ನಿಸುವಾಗ ಕೋರ್ಟು ಏನು ನೋಡುತ್ತದೆ? ಎರಡು ತೀರ್ಪು ನೆನಪಿಗೆ ಬರುತ್ತವೆ. 1987ರದ್ದು ಅನಂತನಾಗ್‌ನ ಜಮೀನು ಪರಿಹಾರದ ಕೇಸು. ಅಪೀಲು 4 ದಿನ ತಡವಾಗಿತ್ತು, ಹೈಕೋರ್ಟು ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟು ಅದನ್ನು ಮತ್ತೆ ವಿಚಾರಣೆಗೆ ಕಳಿಸಿತು. ಪ್ರತಿ ದಿನದ ವಿಳಂಬಕ್ಕೂ ಕಾರಣ ಕೊಡಿ ಅನ್ನುವುದಾದರೆ ಪ್ರತಿ ಗಂಟೆಗೆ, ಪ್ರತಿ ಕ್ಷಣಕ್ಕೆ ಯಾಕೆ ಬೇಡ ಅಂತ ಕೇಳಿತು. ಇನ್ನೊಂದು 2012ರದ್ದು. ಅಂಚೆ ಇಲಾಖೆ 427 ದಿನ ತಡವಾಗಿ ಬಂದು, ಫೈಲು ಮೇಜಿನಿಂದ ಮೇಜಿಗೆ ಹೋಗೋದು ತಡವಾಯ್ತು ಅಂದಿತು. ಕೋರ್ಟು ಒಪ್ಪಲಿಲ್ಲ. ಸರ್ಕಾರಕ್ಕೊಂದು ಕಾನೂನು, ಜನರಿಗೊಂದು ಕಾನೂನು ಇಲ್ಲವಲ್ಲ! ನನಗೆ ಬಹಳ ಹಿಡಿಸಿದ ತೀರ್ಪು ಅದು. ದಿನಗಳ ಸಂಖ್ಯೆಗಿಂತ ಕಾರಣ ನಿಜವಾ ಅನ್ನೋದೇ ಇಲ್ಲಿ ಜಾಸ್ತಿ ತೂಗುತ್ತದೆ.

ಈಗ ಆ ತಾಯಿಯ ಕಾರಣಕ್ಕೆ ಬರೋಣ. "ಹುಷಾರಿರಲಿಲ್ಲ ಅಂತ ಬರೀರಿ ಸ್ವಾಮಿ, ನಮ್ಮೂರಿನವರು ಹಂಗೇ ಅಂದ್ರು, ಚೀಟಿ ಬೇಕಾದ್ರೆ ತರಿಸ್ತೀನಿ" ಅಂದರು. ನಾನು ಬೇಡ ಅಂದೆ. ಅರ್ಜಿಯ ಜೊತೆ ಪ್ರಮಾಣ ಮಾಡಿ ಕೊಡುವ ಅಫಿಡವಿಟ್ಟಿನಲ್ಲಿ ಸುಳ್ಳು ಬರೆದರೆ ಅದು ನಾಳೆ ಅವರ ಕೊರಳಿಗೇ ಬರುತ್ತದೆ. ಕಾಯಿಲೆ ಅಂದ ವಾರದಲ್ಲೇ ಮದುವೆ ಮನೆಯಲ್ಲಿ ಬಡಿಸುತ್ತಿರುವ ಫೋಟೋವನ್ನು ಎದುರು ವಕೀಲರು ತಂದಿಟ್ಟಿದ್ದನ್ನು ನಾನೇ ನೋಡಿದ್ದೇನೆ. ನಿಜ ಏನು ಅಂತ ಮತ್ತೆ ಮತ್ತೆ ಕೇಳಿದೆ. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ವಕೀಲರ ಫೀಜಿಗೆ ದುಡ್ಡಿರಲಿಲ್ಲ."

ಅದನ್ನೇ ಬರೆದೆ. ಸಮನ್ಸ್ ಬಂದ ದಿನ, ವರಾಂಡದಲ್ಲಿ ನಿಂತ ದಿನ, ಆಡು ಮಾರಿ ದುಡ್ಡು ಹೊಂದಿಸಿದ ದಿನ, ಎಲ್ಲಾ ತಾರೀಕು ಸಮೇತ. ಎಕ್ಸ್‌ಪಾರ್ಟಿ ಆದೇಶ ತೆಗೆಯಿರಿ ಅಂತ ಒಂದು ಅರ್ಜಿ, ಹೇಳಿಕೆ ತೆಗೆದುಕೊಳ್ಳಿ ಅಂತ ಒಂದು ಅರ್ಜಿ, ಜೊತೆಗೇ ಲಿಖಿತ ಹೇಳಿಕೆ. 78ನೇ ದಿನ ಎಲ್ಲವೂ ಕೋರ್ಟಿನಲ್ಲಿತ್ತು. ನ್ಯಾಯಾಧೀಶರು ಓದಿದರು, 500 ರೂಪಾಯಿ ಖರ್ಚು ಎದುರಿನವರಿಗೆ ಕೊಡಿ ಅಂತ ಹೇಳಿ ಒಪ್ಪಿಕೊಂಡರು.

ಆ ಆಡಿನ ವಿಚಾರ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಅದನ್ನು ಮಾರುವ ಅಗತ್ಯವೇ ಇರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ವರಮಾನ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರ ನೆರವು ಕೇಳುವ ಹಕ್ಕಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಸಮನ್ಸ್ ಹಿಡಿದುಕೊಂಡು ಹೋಗಿ ಕೇಳಿ. ಇಲ್ಲವೇ 15100ಕ್ಕೆ ಫೋನ್ ಮಾಡಿ. ನಿಮ್ಮ ಮನೆಯ ಟ್ರಂಕಿನಲ್ಲಿ ಮಡಿಸಿಟ್ಟ ಅಂಥ ಕಾಗದ ಇದ್ದರೆ, ಇವತ್ತೇ ತೆಗೆದು ತಾರೀಕು ನೋಡಿ.

ನಮಸ್ಕಾರ.