ಮುಳುಗಿದರೂ ಬದುಕುವ ಭತ್ತ

ಕೇಳುಗರೇ, ನಮಸ್ಕಾರ.

ಭತ್ತ ನೀರಿನಲ್ಲೇ ಬೆಳೆಯುವ ಪೈರು. ಆದರೆ ಬುಡದಲ್ಲಿ ನಿಂತ ನೀರು ಬೇರೆ, ನೆತ್ತಿ ಮುಚ್ಚುವ ನೀರು ಬೇರೆ. ನಾಟಿಯಾದ ಗದ್ದೆ ನೆರೆಯಲ್ಲಿ ಪೂರ್ತಿ ಮುಳುಗಿ ವಾರ ದಾಟಿತು ಅಂದರೆ ಹೆಚ್ಚಿನ ತಳಿಗಳು ಕೈಬಿಟ್ಟ ಹಾಗೆಯೇ. ಒಡಿಶಾ, ಬಿಹಾರ, ಅಸ್ಸಾಂ, ಬಾಂಗ್ಲಾದೇಶದ ತಗ್ಗು ಗದ್ದೆಗಳ ರೈತರಿಗೆ ಇದು ಹಳೆಯ ಸಂಕಟ. ಈ ಸಂಕಟಕ್ಕೆ ಸಸ್ಯ ವಿಜ್ಞಾನ ಕಂಡುಕೊಂಡ ಒಂದು ಉತ್ತರದ ಬಗ್ಗೆ ಇವತ್ತು ಮಾತಾಡುತ್ತೇನೆ. ಅದು ಒಂದು ಜೀನ್, ಅಂದರೆ ಗಿಡದ ಗುಣ ತೀರ್ಮಾನಿಸುವ ವಂಶವಾಹಿ. ಹೆಸರು ಸಬ್1ಎ.

ಮೊದಲು, ಮುಳುಗಿದ ಗಿಡಕ್ಕೆ ಏನಾಗುತ್ತದೆ ನೋಡೋಣ. ನೆರೆಯ ನೀರು ಕೆಸರು ಕೆಸರು. ಬೆಳಕು ಒಳಗೆ ಇಳಿಯುವುದಿಲ್ಲ. ಅನಿಲಗಳು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತವೆ. ಹಾಗಾಗಿ ಆಮ್ಲಜನಕ ಒಳಗೆ ಬರುವುದು ಕಷ್ಟ. ಗಿಡದೊಳಗೆ ಹುಟ್ಟುವ ಎಥಿಲೀನ್ ಹೊರಗೆ ಹೋಗುವುದೂ ಕಷ್ಟ. ಬಾಳೆಹಣ್ಣು ಮಾಗಿಸುತ್ತದಲ್ಲಾ, ಅದೇ ಎಥಿಲೀನ್. ಅದು ಒಳಗೆ ತುಂಬಿಕೊಂಡಾಗ ತಾನು ಮುಳುಗಿದ್ದೇನೆ ಅನ್ನುವ ಸುಳಿವು ಗಿಡಕ್ಕೆ ಸಿಗುತ್ತದೆ. ಸಾಮಾನ್ಯ ಭತ್ತ ಆಗ ಏನು ಮಾಡುತ್ತದೆ? ನೀರಿನ ಮೇಲೆ ತಲೆ ಎತ್ತಲು ಸರಸರ ಉದ್ದ ಬೆಳೆಯುತ್ತದೆ. ಕೂಡಿಟ್ಟ ಸಕ್ಕರೆ, ಪಿಷ್ಟ ಎಲ್ಲಾ ಆ ಓಟಕ್ಕೇ ಖರ್ಚು. ನೀರು ಇಳಿದಾಗ ಎಲೆ ಹಳದಿ, ಕಾಂಡ ಸಪೂರ. ನಿಲ್ಲಲು ತ್ರಾಣವಿಲ್ಲದೆ ಕೆಸರಿನ ಮೇಲೆ ಒರಗುತ್ತದೆ, ಅಲ್ಲೇ ಕೊಳೆಯುತ್ತದೆ.

ಸಬ್1ಎ ಇರುವ ಭತ್ತ ಈ ಓಟಕ್ಕೆ ಹೊರಡುವುದೇ ಇಲ್ಲ. ಎಥಿಲೀನ್ ಹೆಚ್ಚಾದಾಗ ಈ ಜೀನ್ ಎಚ್ಚರಗೊಳ್ಳುತ್ತದೆ. ಉದ್ದ ಬೆಳೆಸುವ ಜಿಬ್ಬರೆಲಿನ್ ಹಾರ್ಮೋನಿನ ಕೆಲಸಕ್ಕೆ ತಡೆ ಹಾಕುತ್ತದೆ. ಬರಗಾಲದಲ್ಲಿ ಕಣಜದ ಕಾಳನ್ನು ಅಳೆದು ಅಳೆದು ತೆಗೆಯುವ ಮನೆಯ ಹಾಗೆ, ಗಿಡ ಇರುವ ಸಕ್ಕರೆಯಲ್ಲೇ ದಿನ ದೂಡುತ್ತದೆ. ಎರಡು ವಾರದವರೆಗೂ ಹೀಗೆ ತಡೆದುಕೊಳ್ಳಬಲ್ಲದು. ನೀರು ಇಳಿದ ಮೇಲೆ ಮೇಲಿನ ಎಲೆಗಳು ಸತ್ತಂತೆ ಕಂಡರೂ ಬುಡದಲ್ಲಿ ಜೀವ ಇರುತ್ತದೆ. ಅಲ್ಲಿಂದ ಹೊಸ ಎಲೆ ಒಡೆಯುತ್ತದೆ.

ಈ ಜೀನ್ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಒಡಿಶಾದ ರೈತರು ಬೆಳೆಯುತ್ತಿದ್ದ ಒಂದು ನಾಟಿ ತಳಿಯಿಂದ ಆರಿಸಿದ ಎಫ್‌ಆರ್13ಎ ಅನ್ನುವ ಭತ್ತದಲ್ಲಿ ಇದು ಇತ್ತು. ಅದು ಎತ್ತರದ ಗಿಡ, ಇಳುವರಿ ಕಡಿಮೆ. ಅದನ್ನು ಒಳ್ಳೆಯ ತಳಿಗಳ ಜೊತೆ ಸಂಕರ ಮಾಡಿದರೆ ನೆರೆ ತಾಳುವ ಗುಣದ ಬೆನ್ನಿಗೇ ಬೇಡದ ಗುಣಗಳೂ ಬರುತ್ತಿದ್ದವು. ಜೀನ್‌ಗಳು ಸಾಲಾಗಿ ಕೂತಿರುವ ಎಳೆಗಳಿಗೆ ಕ್ರೋಮೋಸೋಮ್ ಅನ್ನುತ್ತಾರೆ. 1996ರಲ್ಲಿ ವಿಜ್ಞಾನಿಗಳಾದ ಕೆನಾಂಗ್ ಷು ಮತ್ತು ಡೇವಿಡ್ ಮ್ಯಾಕಿಲ್ ಈ ಗುಣದ ಬಹುಪಾಲು ಭತ್ತದ 9ನೇ ಕ್ರೋಮೋಸೋಮಿನ ಒಂದೇ ಜಾಗದಲ್ಲಿದೆ ಎಂದು ತೋರಿಸಿದರು. ಆ ಜಾಗದ ಹೆಸರು ಸಬ್1. 2006ರಲ್ಲಿ ಅವರು, ಪಮೇಲಾ ರೋನಾಲ್ಡ್, ಜೂಲಿಯಾ ಬೈಲಿ-ಸೆರೆಸ್ ಮತ್ತು ಸಂಗಡಿಗರು ಆ ಜಾಗದಲ್ಲಿ ಇರುವ ಜೀನ್ ಯಾವುದು ಎಂದು ಪ್ರಕಟಿಸಿದರು.

ಇಲ್ಲೊಂದು ವಿಷಯ ಇದೆ. ನನಗೆ ಇಡೀ ಕತೆಯಲ್ಲಿ ತುಂಬಾ ಮುಖ್ಯ ಅನ್ನಿಸುವುದು ಇದೇ. ಅದಕ್ಕೆ ಒಂದು ವರ್ಷ ಮೊದಲು, 2005ರಲ್ಲಿ, ಹಲವು ದೇಶಗಳು ಸೇರಿ ಭತ್ತದ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಓದಿ ಮುಗಿಸಿದ್ದವು. ಭಾರತವೂ ಅದರಲ್ಲಿತ್ತು, 11ನೇ ಕ್ರೋಮೋಸೋಮಿನ ಕೆಲಸದಲ್ಲಿ ನಮ್ಮವರ ಪಾಲಿದೆ. ಆದರೆ ಓದಿದ್ದು ನಿಪ್ಪೊನ್‌ಬಾರೆ ಅನ್ನುವ ಒಂದೇ ಜಪಾನಿ ತಳಿಯ ಜೀನೋಮ್. ಅದರಲ್ಲಿ ಸಬ್1ಎ ಇಲ್ಲವೇ ಇಲ್ಲ! ಅಕ್ಕಪಕ್ಕದ ಸಬ್1ಬಿ, ಸಬ್1ಸಿ ಇವೆ, ಇದೊಂದು ಇಲ್ಲ. ಆ ಒಂದು ತಳಿಯನ್ನಷ್ಟೇ ನೋಡುತ್ತಾ ಕೂತಿದ್ದರೆ ಈ ಜೀನ್ ಸಿಗುತ್ತಲೇ ಇರಲಿಲ್ಲ. ನೆರೆ ತಾಳುವ ಭತ್ತದ ಡಿಎನ್‌ಎಯನ್ನೇ ಬೇರೆಯಾಗಿ ಓದಬೇಕಾಯಿತು. 2018ರಲ್ಲಿ 89 ದೇಶಗಳ 3,010 ಭತ್ತದ ತಳಿಗಳ ಜೀನೋಮ್ ಅಧ್ಯಯನ ಹೊರಬಂತು. ನಿಪ್ಪೊನ್‌ಬಾರೆಯಲ್ಲಿ ಕಾಣದ 10,000ಕ್ಕೂ ಜಾಸ್ತಿ ಜೀನ್‌ಗಳು ಅದರಲ್ಲಿ ಸಿಕ್ಕವು.

ಸರಿ, ಜೀನ್ ಸಿಕ್ಕಿತು. ರೈತನ ಗದ್ದೆಗೆ ಬಂದದ್ದು ಹೇಗೆ? ಪೂರ್ವ ಭಾರತದ ರೈತರಿಗೆ ಸ್ವರ್ಣ ಅಂದರೆ ಪ್ರಾಣ. ಆಂಧ್ರದ ಮಾರುಟೇರಿನಲ್ಲಿ ಬೆಳೆಸಿದ ತಳಿ ಅದು. ಅದನ್ನು ಬಿಡಿ, ಬೇರೆ ಹಾಕಿ ಅಂದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಸ್ವರ್ಣಕ್ಕೇ ಈ ಗುಣ ತಂದರು. ಸಂಕರ ಮಾಡಿ, ಬಂದ ಸಸಿಯನ್ನು ಮತ್ತೆ ಮತ್ತೆ ಸ್ವರ್ಣದ ಜೊತೆಗೇ ಸಂಕರ ಮಾಡುವುದು. ಪ್ರತಿ ಸಲವೂ ಎಳೆಯ ಸಸಿಯ ಎಲೆಯಿಂದ ಚೂರು ಕತ್ತರಿಸಿ, ಡಿಎನ್‌ಎ ತೆಗೆದು, ಸಬ್1 ಬಂದಿದೆಯಾ, ಉಳಿದದ್ದೆಲ್ಲಾ ಸ್ವರ್ಣದ್ದೇ ಇದೆಯಾ ಅಂತ ನೋಡುವುದು. ಹೌದು ಅಂದವನ್ನು ಮಾತ್ರ ಮುಂದಕ್ಕೆ ಬೆಳೆಸುವುದು. ನೆರೆಗಾಗಿ ಕಾಯಬೇಕಿಲ್ಲ, ತೆನೆಗಾಗಿಯೂ ಕಾಯಬೇಕಿಲ್ಲ. ಹೊರಗಿನಿಂದ ಜೀನ್ ತುರುಕಿದ ಕುಲಾಂತರಿ ಅಲ್ಲ ಇದು, ಭತ್ತಕ್ಕೆ ಭತ್ತದ್ದೇ ಜೀನ್, ಹೂವಿನ ಪರಾಗದ ಮೂಲಕ. 2009ರಲ್ಲಿ ಸ್ವರ್ಣ-ಸಬ್1 ಭಾರತದಲ್ಲಿ ಬಿಡುಗಡೆಯಾಯಿತು.

ಒಡಿಶಾದ 128 ಹಳ್ಳಿಗಳಲ್ಲಿ ನಡೆದ ಪರೀಕ್ಷೆಯೊಂದರ ಫಲಿತಾಂಶ 2013ರಲ್ಲಿ ಬಂತು. ಗದ್ದೆ 10 ದಿನ ಮುಳುಗಿದ ಕಡೆ ರೂಢಿಯ ತಳಿಗಿಂತ ಸುಮಾರು ಶೇಕಡಾ 45ರಷ್ಟು ಜಾಸ್ತಿ ಇಳುವರಿ. ನೆರೆ ಬಾರದಿದ್ದರೂ ನಷ್ಟವಿಲ್ಲ. ಅದೇ ಅಧ್ಯಯನ ಇನ್ನೊಂದು ಮಾತು ಹೇಳಿತು. ಹೆಚ್ಚು ಮುಳುಗುವ ತಗ್ಗು ಜಮೀನು ಹೆಚ್ಚಾಗಿ ಕೆಳಜಾತಿಗಳೆಂದು ದೂರ ಇಟ್ಟ ಜನರ ಕೈಯಲ್ಲಿದೆ. ಅಂದರೆ ಈ ಬೀಜದ ಲಾಭ ಮೊದಲು ಸೇರುವುದು ಅವರಿಗೆ. ಕೃಷಿ ಸಂಶೋಧನೆ ಹೀಗೆ ಬಡವರ ಗದ್ದೆಯನ್ನೇ ಹುಡುಕಿಕೊಂಡು ಹೋಗುವುದು ಅಪರೂಪ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಭತ್ತದಲ್ಲೇ ಇದಕ್ಕೆ ಪೂರ್ತಿ ಉಲ್ಟಾ ದಾರಿಯೂ ಇದೆ. ತಿಂಗಳುಗಟ್ಟಲೆ ಆಳದ ನೀರು ನಿಲ್ಲುವ ಕಡೆ ಬೆಳೆಯುವ ತಳಿಗಳು ನೀರಿನ ಜೊತೆಗೇ ಏರುತ್ತವೆ, ದಿನಕ್ಕೆ 20ರಿಂದ 25 ಸೆಂಟಿಮೀಟರ್‌ವರೆಗೂ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2009ರಲ್ಲಿ ಇದರ ಹಿಂದಿನ ಎರಡು ಜೀನ್‌ಗಳನ್ನು ಗುರುತಿಸಿ ಸ್ನಾರ್ಕೆಲ್ ಎಂದು ಹೆಸರಿಟ್ಟರು. ಇವೂ ಎಥಿಲೀನ್‌ಗೇ ಎಚ್ಚರಗೊಳ್ಳುವ ಜೀನ್‌ಗಳು, ಸಬ್1ಎಯ ದಾಯಾದಿಗಳೇ. ಒಂದೇ ಸುಳಿವು, ಒಬ್ಬರು ಸುಮ್ನೆ ಇರು ಅನ್ನುತ್ತಾರೆ, ಇನ್ನೊಬ್ಬರು ಏಳು ಅನ್ನುತ್ತಾರೆ.

ಸಬ್1ಎಗೂ ಮಿತಿ ಇದೆ. ಸೊಂಟದೆತ್ತರ ನೀರು ತಿಂಗಳು ನಿಂತರೆ ಅದರಿಂದ ಆಗುವುದಿಲ್ಲ. ಬಿತ್ತಿದ ಬೀಜವೇ ನೀರಿನಡಿ ಮೊಳೆಯಬೇಕು ಅಂದರೆ ಬೇರೆ ಜೀನ್ ಬೇಕು, ಮ್ಯಾನ್ಮಾರಿನ ಒಂದು ನಾಟಿ ತಳಿಯಲ್ಲಿ ಅಂಥದ್ದು ಸಿಕ್ಕಿದೆ. ಸಮುದ್ರದ ಉಪ್ಪುನೀರು ನುಗ್ಗಿದರೆ ಇನ್ನೂ ಬೇರೆಯೇ ಬೇಕು. ನಮ್ಮ ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ. ಮಲೆನಾಡಿನಲ್ಲಿ ನೆರೆಗೂಳಿ ಇದೆ. ಇಂಥ ತಳಿಗಳನ್ನು ಈಗ ಬೆಳೆಯುವವರು ಕಡಿಮೆ.

ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಇಂಥ ಹಳೆಯ ಭತ್ತ ಇದ್ದರೆ ಬಿತ್ತುವುದನ್ನು ಬಿಡಬೇಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಬಹುದು. ಅರ್ಜಿ ಹೇಗೆ ಹಾಕಬೇಕು ಅನ್ನುವುದನ್ನೂ ಅಲ್ಲೇ ಕೇಳಿ.

ನಮಸ್ಕಾರ.