ಬೆಂಗಳೂರಲ್ಲಿ ಮನೆ ವೈರಿಂಗ್: ಸಹಿ ಯಾರದು, ಕೆಲಸ ಯಾರದು

ಮೂವತ್ತಡಿಗೆ ನಲವತ್ತಡಿ ಸೈಟು. ಮೊದಲನೇ ಸ್ಲ್ಯಾಬಿಗೆ ಕಂಬಿ ಕಟ್ಟಿ ಆಗಿದೆ, ನಾಳಿದ್ದು ಕಾಂಕ್ರೀಟು. ಕಂಬಿ ಮಧ್ಯೆ ಹಾವಿನ ಥರ ಹರಿದಿರೋ ಈ ಪೈಪುಗಳನ್ನ ನೋಡಿ. ಮನೆಯ ಎಲೆಕ್ಟ್ರಿಕಲ್ ಕೆಲಸ ಶುರುವಾಗೋದೇ ಇಲ್ಲಿಂದ. ಗೋಡೆ ಎದ್ದ ಮೇಲೆ ಕಾಂಟ್ರಾಕ್ಟರ್ ಹುಡುಕೋಣ ಅಂತ ಕೂತ್ರೆ, ಸ್ಲ್ಯಾಬ್ ಪೈಪನ್ನ ಕಂಬಿ ಕಟ್ಟೋರೇ ಹಾಕಿಬಿಟ್ಟಿರ್ತಾರೆ. ಕಾಂಕ್ರೀಟನ್ನ ಅಲ್ಲಾಡಿಸಿ ಕೂರಿಸೋ ವೈಬ್ರೇಟರ್ ತಗುಲಿ ಜಾಯಿಂಟ್ ಬಿಟ್ಟು, ಪೈಪಿನೊಳಗೆ ಸಿಮೆಂಟ್ ಹಾಲು ಇಳಿದು ಕಲ್ಲಾಗಿರುತ್ತೆ. ಆಮೇಲೆ ವೈರ್ ಎಳೆಯೋಕೆ ದಾರಿ ಇಲ್ಲ, ಸೀಲಿಂಗ್ ಕೊರೆಯೋದೊಂದೇ ಗತಿ. ಅದಕ್ಕೇ ಸ್ಲ್ಯಾಬಿಗೆ ಕನಿಷ್ಠ ಹದಿನೈದು ದಿನ ಮುಂಚೆ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಯಾರು ಅಂತ ತೀರ್ಮಾನ ಆಗಿರಬೇಕು. ಜಾಯಿಂಟಿಗೆಲ್ಲ ಸಲ್ಯೂಷನ್ (ಪೈಪ್ ಅಂಟು) ಹಾಕಿದಾರಾ, ಫ್ಯಾನ್ ಬಾಕ್ಸ್ ಬಾಯಿ ಮುಚ್ಚಿದಾರಾ ಅನ್ನೋದನ್ನ ಕಾಂಕ್ರೀಟ್ ದಿನ ಬೆಳಗ್ಗೆ ನಿಂತು ನೋಡಿ.

ಲೈಸೆನ್ಸ್ ವಿಷಯಕ್ಕೆ ಬರೋಣ. ನಮ್ಮ ರಾಜ್ಯದಲ್ಲಿ ಇದು ವಿದ್ಯುತ್ ಪರಿವೀಕ್ಷಣಾಲಯದ ಕೈಲಿದೆ. ಕಾಂಟ್ರಾಕ್ಟರ್‌ಗಳಲ್ಲಿ ಸೂಪರ್ ಗ್ರೇಡ್, ಒಂದನೇ ದರ್ಜೆ, ಎರಡನೇ ದರ್ಜೆ ಅಂತ ಇದೆ. ಅವರ ಕೆಳಗೆ ಸೂಪರ್‌ವೈಸರ್ ಪರ್ಮಿಟ್ ಇದ್ದೋರು, ವೈರ್‌ಮನ್ ಪರ್ಮಿಟ್ ಇದ್ದೋರು ಕೆಲಸ ಮಾಡ್ತಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮದ ಪ್ರಕಾರ ವೈರಿಂಗ್ ಕೆಲಸವನ್ನ ಲೈಸೆನ್ಸ್ ಇರೋ ಕಾಂಟ್ರಾಕ್ಟರೇ, ಪರ್ಮಿಟ್ ಇರೋ ಸೂಪರ್‌ವೈಸರ್ ಕಣ್ಣೆದುರಲ್ಲೇ ಮಾಡಿಸಬೇಕು.

ಆದರೆ ಎಷ್ಟೋ ಮನೆಗಳಲ್ಲಿ ವೈರ್ ಎಳೆಯೋನು ಒಬ್ಬ, ಸಹಿ ಹಾಕೋನು ಇನ್ನೊಬ್ಬ. ಕೆಲಸವೆಲ್ಲ ಮುಗಿದ ಮೇಲೆ ಬೆಸ್ಕಾಂ ಅರ್ಜಿಗೆ ವೈರಿಂಗ್ ಮುಗಿದ ವರದಿ, ಟೆಸ್ಟ್ ರಿಪೋರ್ಟ್ ಬೇಕು ಅಂದಾಗ, ಮನೆಯ ಮುಖವನ್ನೇ ನೋಡದ ಲೈಸೆನ್ಸ್‌ದಾರರ ಸಹಿ, ಸೀಲು ದುಡ್ಡು ಕೊಟ್ಟು ತರ್ತಾರೆ. ವರದಿಯಲ್ಲಿ ಇನ್ಸುಲೇಷನ್ (ವೈರಿನ ಹೊದಿಕೆ ಕರೆಂಟ್ ತಡೆಯೋ ಶಕ್ತಿ) ಇಷ್ಟು, ಅರ್ಥ್ ಇಷ್ಟು ಅಂತ ಅಂಕಿ ತುಂಬಿರುತ್ತೆ. ಅಳೆದೋರು ಯಾರೂ ಇಲ್ಲ. ಇದು ಸಣ್ಣ ತಪ್ಪಲ್ಲ. ಆ ಕಾಗದ ಇರೋದೇ ಮಕ್ಕಳು ಮುಟ್ಟೋ ಸ್ವಿಚ್ಚು, ಗೀಸರಿನ ನಲ್ಲಿ ಜೀವ ತೆಗೆಯೋ ಹಾಗಿಲ್ಲ ಅಂತ ಖಾತ್ರಿ ಕೊಡೋಕೆ. ಆದ್ದರಿಂದ ಮೊದಲ ಮಾತುಕತೆಯಲ್ಲೇ ಕೇಳಿಬಿಡಿ: "ಟೆಸ್ಟ್ ರಿಪೋರ್ಟಿಗೆ ಸಹಿ ಯಾರದು ಸಾರ್? ಅವರು ಸ್ಲ್ಯಾಬಿನ ದಿನ ಒಂದು ಸಲ, ಟೆಸ್ಟಿಂಗ್ ದಿನ ಒಂದು ಸಲ ಬರ್ತಾರಾ?" ಲೈಸೆನ್ಸ್ ಪ್ರತಿ ಇಸ್ಕೊಂಡು ನವೀಕರಣ ಯಾವ ತಾರೀಖಿನವರೆಗೆ ಇದೆ, ಅದರಲ್ಲಿರೋ ಹೆಸರೂ ಕೊಟೇಶನ್ನಲ್ಲಿರೋ ಹೆಸರೂ ಒಂದೇನಾ ನೋಡಿ.

ಕೊಟೇಶನ್ ಮೂರು ಥರ ಬರುತ್ತೆ: ಚದರಡಿ ಲೆಕ್ಕ, ಪಾಯಿಂಟ್ (ಒಂದೊಂದು ದೀಪ, ಫ್ಯಾನ್, ಪ್ಲಗ್) ಲೆಕ್ಕ, ದಿನಗೂಲಿ. ಹೊಸ ಮನೆಗೆ ಚದರಡಿ ಲೆಕ್ಕವೇ ಹೆಚ್ಚು, ಜಗಳವೂ ಅದರಲ್ಲೇ ಹೆಚ್ಚು. ಚದರಡಿಗೆ ಇಷ್ಟು ಅಂದಾಗ ಬಾಲ್ಕನಿ, ಮೆಟ್ಟಿಲು, ಕೆಳಗಿನ ಪಾರ್ಕಿಂಗ್ ಸೇರುತ್ತಾ? ಪೈಪಿಗೆ ಗ್ರೂವ್ (ಗೋಡೆ ಕೊರೆದ ಕಾಲುವೆ) ಹೊಡೆದ ಮೇಲೆ ಗೋಡೆಗೆ ಪ್ಯಾಚ್ ಹಾಕೋರು ಯಾರು? ಅರ್ಥ್ ಗುಂಡಿ ತೋಡೋದು, ಯುಪಿಎಸ್ ಲೈನು, ಸೋಲಾರ್ ಪೈಪು, ಸಿಸಿಟಿವಿ ಪೈಪು, ಮೀಟರ್ ಬೋರ್ಡು, ಬೆಸ್ಕಾಂ ಓಡಾಟ, ಇವೆಲ್ಲ ಒಳಗಾ ಹೊರಗಾ? ಪಾಯಿಂಟ್ ಲೆಕ್ಕದಲ್ಲಾದ್ರೆ ಟು-ವೇ ಸ್ವಿಚ್ಚಿನ (ಎರಡು ಕಡೆಯಿಂದ ಹಾಕಿ ಆರಿಸೋ) ಒಂದು ದೀಪ ಒಂದು ಪಾಯಿಂಟಾ ಎರಡಾ ಅಂತ ಬರೆಸ್ಕೊಳ್ಳಿ. ಬರೆಯದೇ ಇದ್ದದ್ದೆಲ್ಲ ಕೊನೆಗೆ "ಎಕ್ಸ್‌ಟ್ರಾ" ಪಟ್ಟಿಗೆ ಸೇರುತ್ತೆ.

ಸಾಮಾನಿನ ದರ ನಿರ್ಧರಿಸೋದು ತಾಮ್ರ. ಮೇ 2024ರಲ್ಲಿ ಲಂಡನ್ ಲೋಹ ಮಾರುಕಟ್ಟೆಯಲ್ಲಿ ತಾಮ್ರ ಟನ್ನಿಗೆ 10 ಸಾವಿರ ಡಾಲರ್ ದಾಟಿದ ಮೇಲೆ, ಕೊಟೇಶನ್ನಿನ ಕೆಳಗೆ "ವೈರ್ ದರ ಅಂದಿನ ಮಾರುಕಟ್ಟೆಯಂತೆ" ಅಂತ ಬರೆಯದ ಕಾಂಟ್ರಾಕ್ಟರ್ ಸಿಗೋದು ಕಷ್ಟ. ಅದು ನ್ಯಾಯವೇ. ಆದರೆ ಎಷ್ಟು ಏರಬೇಕೋ ಅಷ್ಟೇ ಏರಿದೆಯಾ ಅಂತ ನೀವೇ ಲೆಕ್ಕ ಹಾಕಬಹುದು. 2.5 ಸ್ಕ್ವೇರ್ ಎಂಎಂ (ಒಳಗಿನ ತಾಮ್ರದ ದಪ್ಪದ ಅಳತೆ) ವೈರಿನ 90 ಮೀಟರ್ ಕಾಯಿಲಿನಲ್ಲಿ, ಅಂದ್ರೆ ಸುರುಳಿಯಲ್ಲಿ, ಹೆಚ್ಚೂಕಮ್ಮಿ 2 ಕೆಜಿ ತಾಮ್ರ ಇರುತ್ತೆ. 1.5ರಲ್ಲಿ 1.2 ಕೆಜಿ, 4ರಲ್ಲಿ 3.2 ಕೆಜಿ. ತಾಮ್ರ ಕೆಜಿಗೆ 100 ರೂಪಾಯಿ ಏರಿದ್ರೆ 2.5ರ ಕಾಯಿಲಿಗೆ 200 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 236. ಒಂದು ಮನೆಗೆ 1.5ರದು ಹತ್ತು ಕಾಯಿಲು, 2.5ರದು ಆರು, 4ರದು ಮೂರು ಅಂತ ಇಟ್ಕೊಳ್ಳಿ. ಒಟ್ಟು ಸುಮಾರು 34 ಕೆಜಿ ತಾಮ್ರ. 100 ರೂಪಾಯಿ ಏರಿಕೆಗೆ ಇಡೀ ಮನೆಗೆ ಬೀಳೋ ಹೊರೆ ಜಿಎಸ್‌ಟಿ ಸೇರಿ 4 ಸಾವಿರ ರೂಪಾಯಿ. "ತಾಮ್ರ ಏರ್ಬಿಟ್ಟಿದೆ" ಅಂತ ಯಾರಾದ್ರೂ 20 ಸಾವಿರ ಜಾಸ್ತಿ ಕೇಳಿದ್ರೆ ಈ ಲೆಕ್ಕ ಮುಂದಿಡಿ.

ಇದೇ ಲೆಕ್ಕ ನಕಲಿ ವೈರನ್ನೂ ಹಿಡಿದುಕೊಡುತ್ತೆ. 2.5ರ ಕಾಯಿಲನ್ನ ತಕ್ಕಡಿಗೆ ಹಾಕಿ. ಮೇಲಿನ ಪ್ಲಾಸ್ಟಿಕ್ ಸೇರಿಯೂ 2 ಕೆಜಿ ದಾಟದೇ ಇದ್ರೆ ಎಳೆ ಸಣ್ಣದು, ಇಲ್ಲ ಉದ್ದ ಕಮ್ಮಿ, ಇಲ್ಲ ಒಳಗಿರೋದು ತಾಮ್ರವೇ ಅಲ್ಲ. ಒಂದೆರಡು ಎಳೆ ಬಿಡಿಸಿ ಬ್ಲೇಡಲ್ಲಿ ಕೆರೆದು ನೋಡಿ. ಕೆಂಪು ಹೋಗಿ ಬಿಳಿ ಕಂಡ್ರೆ ಅದು ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ. ವೈರಿನ ಮೇಲೆ ಐಎಸ್‌ಐ ಗುರುತು, ಐಎಸ್ 694 (ವೈರಿನ ಮಾನದಂಡದ ನಂಬರ್), ಸಿಎಂ/ಎಲ್ ನಂಬರ್ (ತಯಾರಕರ ಲೈಸೆನ್ಸ್ ನಂಬರ್) ಇರಬೇಕು. ಆ ನಂಬರನ್ನ ಬಿಐಎಸ್ ಕೇರ್ ಆಪಿನಲ್ಲಿ ಹಾಕಿದ್ರೆ ಅದು ಯಾವ ಕಂಪನಿಗೆ ಸೇರಿದ್ದು ಅಂತ ಬರುತ್ತೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಗಟು ಅಂಗಡಿಗಳಲ್ಲಿ ಒಟ್ಟಿಗೆ ತಗೊಂಡ್ರೆ ಕಮ್ಮಿ ಬೀಳುತ್ತೆ ನಿಜ, ಆದರೆ ಜಿಎಸ್‌ಟಿ ಬಿಲ್ ಇಲ್ಲದೆ ತಗೋಬೇಡಿ. ನಾಳೆ ಕಾಯಿಲ್ ವಾಪಸ್ ಕೊಡಬೇಕಾದ್ರೆ ಆ ಬಿಲ್ಲೇ ಆಧಾರ.

ದಪ್ಪ ವೈರ್ ಹಾಕಿದ್ರೆ ಸಾಕು ಅನ್ನೋ ನಂಬಿಕೆ ಇದೆ. ಅದಕ್ಕೆ ತಕ್ಕ ಎಂಸಿಬಿಯೂ, ಅಂದ್ರೆ ಲೋಡ್ ಜಾಸ್ತಿಯಾದ್ರೆ ತಾನೇ ಬಿದ್ದು ಕರೆಂಟ್ ಕಡಿಯೋ ಸ್ವಿಚ್ಚೂ, ಇರಬೇಕು. 3 ಕಿಲೋವ್ಯಾಟ್ ಗೀಸರ್ ಎಳೆಯೋದು 13 ಆಂಪ್ಸ್. 4 ಸ್ಕ್ವೇರ್ ವೈರು, 20 ಆಂಪ್ಸ್ ಎಂಸಿಬಿ ಹಾಕಿದ್ರೆ ನೆಮ್ಮದಿ. 1.5ರ ದೀಪದ ಲೈನಿಗೆ 10 ಆಂಪ್ಸ್. ಪದೇ ಪದೇ ಬೀಳುತ್ತೆ ಅಂತ 2.5ರ ಲೈನಿಗೆ 32 ಹಾಕಿದ್ರೆ, ವೈರ್ ಸುಟ್ಟು ಕರಕಲಾದ್ರೂ ಎಂಸಿಬಿ ಅಲ್ಲಾಡಲ್ಲ.

ಎರಡು ಮಹಡಿ ಮನೆಗಳಲ್ಲಿ ತಲೆ ತಿನ್ನೋ ಒಂದು ದೋಷ ಇದೆ, ಮೆಟ್ಟಿಲ ದೀಪದ್ದು. ಕರೆಂಟ್ ತರೋ ಫೇಸ್ ವೈರ್ ಕೆಳಗಿನ ಡಿಬಿಯಿಂದ (ಎಂಸಿಬಿಗಳ ಪೆಟ್ಟಿಗೆ), ಅದನ್ನ ವಾಪಸ್ ಒಯ್ಯೋ ನ್ಯೂಟ್ರಲ್ ಹತ್ತಿರ ಸಿಕ್ತು ಅಂತ ಮೇಲಿನ ಮಹಡಿಯಿಂದ. ಒಂದೊಂದು ಮಹಡಿಗೆ ಒಂದೊಂದು 30 ಮಿಲಿಆಂಪ್ಸ್ ಆರ್‌ಸಿಸಿಬಿ ಇರುತ್ತೆ, ಅಂದ್ರೆ ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದ್ರೆ ತಾನೇ ಬೀಳೋ ಸ್ವಿಚ್ಚು. ಕೆಳಗಿನ ಆರ್‌ಸಿಸಿಬಿಯಿಂದ ಹೋದ ಕರೆಂಟ್ ಅದಕ್ಕೆ ವಾಪಸ್ ಬರಲ್ಲ, ಮೇಲಿನದಕ್ಕೆ ತನ್ನಿಂದ ಹೋಗದೇ ಇರೋ ಕರೆಂಟ್ ಬರುತ್ತೆ. ಬರೀ 9 ವ್ಯಾಟಿನ ಎಲ್‌ಇಡಿ ಬಲ್ಬೂ 39 ಮಿಲಿಆಂಪ್ಸ್ ದಾಟುತ್ತೆ. ದೀಪ ಹಾಕಿದ ಕ್ಷಣ ಮನೆ ಕತ್ತಲು. ಆಗ ಎಷ್ಟೋ ಮೇಸ್ತ್ರಿಗಳು ಮಾಡೋದು ಆರ್‌ಸಿಸಿಬಿ ತೆಗೆದು ಮಾಮೂಲಿ ಸ್ವಿಚ್ ಹಾಕೋದು. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಬದಲಾಗಬೇಕಾದ್ದು ಆ ಒಂದು ನ್ಯೂಟ್ರಲ್ ವೈರು.

ಅರ್ಥ್ ಗುಂಡಿ ಬಗ್ಗೆ ಒಂದೇ ಮಾತು. ಗುಂಡಿಯಲ್ಲಿ ಹೂಳೋ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಎರಡೂವರೆ ಮೀಟರ್ ಇರಬೇಕು. ನಮ್ಮೂರಲ್ಲಿ ಸ್ವಲ್ಪ ಅಗೆದ್ರೆ ಬಂಡೆ ಸಿಗೋ ಕಡೆ ಪೈಪನ್ನೇ ಕತ್ತರಿಸಿ ಮುಚ್ಚಿಬಿಡ್ತಾರೆ. ಗುಂಡಿಗೆ ಇಳಿಸೋ ಮುಂಚೆ ಟೇಪ್ ಹಿಡಿದು ಫೋಟೋ ತಗೊಳ್ಳಿ.

ಮಾರುಕಟ್ಟೆ ಹೇಗಿದೆ ಅಂದ್ರೆ, ಗ್ರೂವ್ ಹೊಡೆಯೋಕೆ ಜನ ಸಿಗ್ತಾರೆ, ಡಿಬಿ ಅಚ್ಚುಕಟ್ಟಾಗಿ ಕಟ್ಟಿ ಟೆಸ್ಟ್ ಮಾಡೋ ವೈರ್‌ಮನ್ ಸಿಗೋದು ಕಷ್ಟ. ಹಬ್ಬ, ಜಾತ್ರೆಗೆ ಊರಿಗೆ ಹೋದ ತಂಡ ವಾರಗಟ್ಟಲೆ ಬರಲ್ಲ. ಡಿಸೆಂಬರ್ 2024ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರ, ಅಂದ್ರೆ ಓಸಿ, ಇಲ್ಲದ ಮನೆಗಳ ಖಾಯಂ ಸಂಪರ್ಕ ನಿಂತುಹೋಯ್ತು. 2025ರಲ್ಲಿ ಸರ್ಕಾರ 1,200 ಚದರಡಿವರೆಗಿನ ಸೈಟುಗಳ ಮನೆಗೆ ಸಡಿಲಿಕೆ ಕೊಡ್ತು. ಮೀಟರ್ ಬಂದ ಮೇಲೆ ಸಿಗಬೇಕಾದ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡ ಕಾರಣಕ್ಕೆ ಕಾಂಟ್ರಾಕ್ಟರ್‌ಗಳು ಮುಂಗಡ ಜಾಸ್ತಿ ಕೇಳ್ತಾರೆ. ಫೆಬ್ರವರಿ 2025ರಿಂದ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ. ಆಗ ಪ್ರಕಟವಾದ ದರ ಸಿಂಗಲ್ ಫೇಸಿಗೆ ಸುಮಾರು 5 ಸಾವಿರ, ತ್ರೀ ಫೇಸಿಗೆ ಸುಮಾರು 28 ಸಾವಿರ. ಕೊಟೇಶನ್ನಲ್ಲಿ ಇದು ಸೇರಿದೆಯಾ ನೋಡ್ಕೊಳ್ಳಿ.

ಕೂಲಿಯನ್ನ ಹಂತಹಂತವಾಗಿ ಕೊಡಿ: ಸ್ಲ್ಯಾಬ್ ಪೈಪಿಗೆ ಶೇ 20, ಗೋಡೆ ಪೈಪು ಬಾಕ್ಸಿಗೆ 25, ವೈರ್ ಎಳೆದ ಮೇಲೆ 25, ಸ್ವಿಚ್ಚು ಡಿಬಿ ಕೂತ ಮೇಲೆ 15. ಉಳಿದ 15 ಟೆಸ್ಟ್ ಆದ ದಿನ, ಮೀಟರಿಗೆ ಕಾಯಿಸದೆ. ಓಸಿ ತಡವಾದ್ರೆ ಅದು ಕಾಂಟ್ರಾಕ್ಟರ್ ತಪ್ಪಲ್ಲ.

ಟೆಸ್ಟ್ ಅಂದ್ರೆ ಟೆಸ್ಟರ್ ಚುಚ್ಚಿ ದೀಪ ಉರಿಯುತ್ತಾ ನೋಡೋದಲ್ಲ. ಇನ್ಸುಲೇಷನ್ ಅಳೆಯೋ ಮೆಗ್ಗರ್ ತರಬೇಕು. ಸಪ್ಲೈ ಆಫ್ ಮಾಡಿ. ಬಲ್ಬು, ಫ್ಯಾನ್ ರೆಗ್ಯುಲೇಟರ್, ಯುಪಿಎಸ್, ಎಲ್ಲ ಉಪಕರಣ ಬಿಚ್ಚಿಡಿ. ಬಿಚ್ಚದಿದ್ರೆ ರೀಡಿಂಗ್ ತಪ್ಪು ಬರುತ್ತೆ, ಸಾಮಾನೂ ಕೆಡುತ್ತೆ. ಸ್ವಿಚ್ಚುಗಳನ್ನೆಲ್ಲ ಆನ್ ಮಾಡಿ, ಡಿಬಿಯಲ್ಲಿ ಒಂದೊಂದು ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ಸೇರಿಸಿ ಒಂದು ತುದಿಗೆ, ಅರ್ಥ್ ಇನ್ನೊಂದು ತುದಿಗೆ, 500 ವೋಲ್ಟ್ ಡಿಸಿ ಒಂದು ನಿಮಿಷ. 1 ಮೆಗಾಓಮ್‌ಗಿಂತ ಕೆಳಗೆ ಬಂದ್ರೆ ಪಾಸಲ್ಲ. ಹೊಸ ವೈರಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಮೇಲೆ ಬರಬೇಕು. ಒಂದೇ ಸರ್ಕ್ಯೂಟ್ ಕಮ್ಮಿ ತೋರಿಸಿದ್ರೆ ಆ ದಾರಿಯ ಬಾಕ್ಸುಗಳನ್ನ ಒಂದೊಂದೇ ತೆರೆಸಿ. ಸಾಮಾನ್ಯವಾಗಿ ಸಿಗೋದು ಸ್ಕ್ರೂ ಚುಚ್ಚಿಕೊಂಡ ವೈರು, ಇಲ್ಲವೇ ತಾರಸಿ ಕಡೆಯಿಂದ ಮಳೆನೀರು ಇಳಿದ ಪೈಪು. ಪ್ರತಿ ಸರ್ಕ್ಯೂಟಿನ ಅಂಕಿಯನ್ನ ಡಿಬಿ ಬಾಗಿಲ ಒಳಗಡೆ ಪರ್ಮನೆಂಟ್ ಮಾರ್ಕರಲ್ಲಿ ತಾರೀಖು ಹಾಕಿ ಬರೆಸಿ, ಅದೇ ಅಂಕಿ ಟೆಸ್ಟ್ ರಿಪೋರ್ಟಿನಲ್ಲಿ ಇದೆಯಾ ನೋಡಿ, ಆಮೇಲೆ ಆ ಶೇ 15 ಕೊಡಿ.